ಒಂದು ಹಾಳೆಯಲ್ಲಿ ಹಿಡಿಸುವ ನೆಟ್‌ವರ್ಕ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರುವ ನಾಲ್ಕು ಪತ್ರಗಳು ಬೇರೆ ಬೇರೆ ಊರುಗಳಿಂದ ಬಂದಿದ್ದರೂ ಅವು ಕೇಳಿರುವ ಸಂಗತಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಗಿದೆ. ಉಳಿದವುಗಳಿಗೆ ಅದೇ ಆಧಾರ.

ಪ್ರಶ್ನೆ: ಮಾನ್ಯರೇ, ಕಲಬುರಗಿಯ ಗಂಜ್‌ನಲ್ಲಿ ನಮ್ಮದು ಅಡತ್ ಅಂಗಡಿ, ಕಪನೂರು ಕೈಗಾರಿಕಾ ಪ್ರದೇಶದಲ್ಲಿ ತೊಗರಿಯ ದಾಲ್ ಮಿಲ್ ಇದೆ. ಮಿಲ್ಲಿನಲ್ಲಿ ಲೆಕ್ಕಪತ್ರದ ಮೂರು ಕಂಪ್ಯೂಟರ್, ಕಾಟಾದ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ, ಡಿವಿಆರ್ ಸಹಿತ ಹದಿನಾರು ಕ್ಯಾಮೆರಾ ಮತ್ತು ಎಲ್ಲರೂ ಬಳಸುವ ವೈ-ಫೈ ಇವೆ. ಯಂತ್ರ ಕೆಟ್ಟರೆ ಕಂಪನಿಯ ತಂತ್ರಜ್ಞರು ದೂರದಿಂದಲೇ ಸರಿಪಡಿಸುತ್ತಾರೆ. ಬೆಂಗಳೂರಿನಲ್ಲಿ ಓದುವ ಮಗ ಕ್ಯಾಮೆರಾಗಳನ್ನು ಮೊಬೈಲಿನಲ್ಲಿ ನೋಡುತ್ತಾನೆ. ಪರಿಚಯದ ಮಿಲ್ಲೊಂದರ ಲೆಕ್ಕವೆಲ್ಲ ವೈರಸ್‌ನಿಂದ ಬೀಗಬಿದ್ದು ಹೋದ ಮೇಲೆ ನಾವೂ ಹೆದರಿ ಗುತ್ತಿಗೆದಾರರೊಬ್ಬರನ್ನು ಕರೆಸಿದೆವು. ಅವರು ಎರಡು ಬೇರೆ ಕಂಪನಿಗಳ ಫೈರ್‌ವಾಲ್, ಹನ್ನೊಂದು ವಿ-ಲ್ಯಾನ್, ಎರಡು ಬಗೆಯ ವಿಪಿಎನ್ ಎಂದು ನಾಲ್ಕು ಪುಟಗಳ ಅಂದಾಜುಪಟ್ಟಿ ಕೊಟ್ಟಿದ್ದಾರೆ. ಖರ್ಚಿಗೆ ಹಿಂಜರಿಯುವುದಿಲ್ಲ. ಆದರೆ ಇಷ್ಟೆಲ್ಲ ಹಾಕಿದರೆ ಭದ್ರತೆಯೂ ಅಷ್ಟೇ ಹೆಚ್ಚುತ್ತದೆಯೇ?
— ದಾಲ್ ಮಿಲ್ ಮಾಲೀಕರು, ಕಲಬುರಗಿ

ಉತ್ತರ: ಹೆಚ್ಚುವುದಿಲ್ಲ, ನಿಮ್ಮ ಸಂದರ್ಭದಲ್ಲಿ ಕಡಿಮೆಯಾಗುವ ಸಂಭವವೇ ಹೆಚ್ಚು. ಮೊದಲು ಎಣಿಸಿ ನೋಡೋಣ. ಕ್ಯಾಮೆರಾಗಳೆಲ್ಲ ನೇರವಾಗಿ ದೃಶ್ಯಗಳನ್ನು ದಾಖಲಿಸಿಡುವ ಡಿವಿಆರ್ ಪೆಟ್ಟಿಗೆಗೆ ಜೋಡಿಸಿಕೊಂಡಿರುವುದಾದರೆ ನೆಟ್‌ವರ್ಕಿನ ಲೆಕ್ಕಕ್ಕೆ ಅವೆಲ್ಲ ಸೇರಿ ಒಂದೇ ಸಾಧನ. ಹಾಗೆ ನೋಡಿದರೆ, ಕೈಯಲ್ಲಿರುವ ಮೊಬೈಲುಗಳನ್ನು ಬಿಟ್ಟು, ಮಿಲ್ಲಿನಲ್ಲಿರುವುದು ಏಳು ಸಾಧನಗಳು. ಏಳು ಸಾಧನಗಳಿಗೆ ಹನ್ನೊಂದು ವಿ-ಲ್ಯಾನ್, ಅಂದರೆ ಒಂದೇ ತಂತಿಜಾಲದೊಳಗೆ ಗೋಡೆ ಹಾಕಿ ಮಾಡಿದ ಹನ್ನೊಂದು ಕೋಣೆಗಳು, ಯಾಕೆ ಬೇಕಾದವು ಎಂಬುದನ್ನು ಅಂದಾಜುಪಟ್ಟಿ ಬರೆದವರೇ ಹೇಳಬೇಕು. ಕೋಣೆ ಕಟ್ಟುವುದು ಕಷ್ಟವಲ್ಲ. ಆದರೆ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗಬಹುದು ಎಂಬುದನ್ನು ಪ್ರತಿಯೊಂದು ಜೋಡಿಗೂ, ಹೋಗುವ ದಿಕ್ಕಿಗೊಮ್ಮೆ ಬರುವ ದಿಕ್ಕಿಗೊಮ್ಮೆ, ತೀರ್ಮಾನಿಸಬೇಕಾಗುತ್ತದೆ. ನಾಲ್ಕು ಕೋಣೆಗಳಾದರೆ ಅಂತಹ ತೀರ್ಮಾನಗಳು 12, ಹನ್ನೊಂದಾದರೆ 110. ಗುತ್ತಿಗೆದಾರರು ಕೆಲಸ ಮುಗಿಸಿ ಹೋದ ಮೇಲೆ ಈ 110 ತೀರ್ಮಾನಗಳನ್ನು ನೆನಪಿಟ್ಟುಕೊಂಡು ಕಾಯುವವರು ನಿಮ್ಮಲ್ಲಿ ಯಾರಿದ್ದಾರೆ? ನಿಮ್ಮ ಮುನೀಮರಂತೂ ಅಲ್ಲ.

1975ರಲ್ಲಿ ಅಮೆರಿಕದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಕಂಪ್ಯೂಟರಿನಲ್ಲಿರುವ ಮಾಹಿತಿಯ ರಕ್ಷಣೆಯನ್ನು ಕುರಿತು ಬರೆದ ಪ್ರಬಂಧವೊಂದು ಈ ಕ್ಷೇತ್ರದಲ್ಲಿ ಇಂದಿಗೂ ಅಡಿಪಾಯವಾಗಿ ಉಳಿದಿದೆ. ಅವರು ಹೇಳಿದ ಎಂಟು ಸೂತ್ರಗಳಲ್ಲಿ ಮೊದಲನೆಯದೇ ರಕ್ಷಣೆಯ ವ್ಯವಸ್ಥೆ ಆದಷ್ಟು ಚಿಕ್ಕದಾಗಿಯೂ ಸರಳವಾಗಿಯೂ ಇರಬೇಕು ಎಂಬುದು. ಎರಡನೆಯದು, ಸ್ಪಷ್ಟವಾಗಿ ಅನುಮತಿ ಕೊಟ್ಟವರಿಗೆ ಮಾತ್ರ ಬಾಗಿಲು ತೆರೆದು ಉಳಿದೆಲ್ಲರಿಗೂ ಅದು ಮುಚ್ಚಿರಬೇಕು ಎಂಬುದು. ಸರಳತೆಗೆ ಅವರು ಕೊಟ್ಟ ಕಾರಣ ನಿಮ್ಮ ಕಾಟಾದ ಮೂಲಕ ಚೆನ್ನಾಗಿ ಅರ್ಥವಾಗುತ್ತದೆ. ಕಾಟಾ ಒಂದು ಚೀಲಕ್ಕೆ ಎರಡು ಕಿಲೋ ತಪ್ಪು ತೋರಿಸಿದರೆ ತೊಗರಿ ತಂದ ರೈತರು ಅಲ್ಲಿಯೇ ಜಗಳ ತೆಗೆಯುತ್ತಾರೆ, ಸಂಜೆಯೊಳಗೆ ರಿಪೇರಿಯವರು ಬಂದಿರುತ್ತಾರೆ. ಯಾರು ಎಲ್ಲಿಗೆ ಹೋಗಬಹುದೆಂದು ನಿಯಮ ನೋಡಿ ಬಿಡುವ ಅಥವಾ ತಡೆಯುವ ಕಾವಲು ಪೆಟ್ಟಿಗೆಯೇ ಫೈರ್‌ವಾಲ್. ಅದರಲ್ಲಿ ಒಂದು ಬಾಗಿಲು ತಪ್ಪಾಗಿ ತೆರೆದುಕೊಂಡಿದ್ದರೆ ಜಗಳ ತೆಗೆಯುವವರು ಯಾರೂ ಇರುವುದಿಲ್ಲ. ಬಿಲ್ ಮುದ್ರಣವಾಗುತ್ತಿರುತ್ತದೆ, ಕ್ಯಾಮೆರಾ ಕಾಣುತ್ತಿರುತ್ತದೆ, ಬ್ಯಾಂಕಿಗೆ ಹಣ ಹೋಗುತ್ತಿರುತ್ತದೆ. ದಿನದ ಬಳಕೆಯಲ್ಲಿ ಇಂತಹ ತಪ್ಪು ತಾನಾಗಿ ಹೊರಬೀಳುವುದಿಲ್ಲ. ಕುಳಿತು ಒಂದೊಂದೇ ನಿಯಮವನ್ನು ಓದಿದವರಿಗೆ ಮಾತ್ರ ಸಿಗುತ್ತದೆ. ಓದಿ ಮುಗಿಸಲು ಸಾಧ್ಯವಾಗುವಷ್ಟು ಚಿಕ್ಕದಾಗಿದ್ದರೆ ತಾನೇ ಯಾರಾದರೂ ಓದುವುದು?

ಆದ್ದರಿಂದ ನಾಲ್ಕು ಕೋಣೆಗಳು ಸಾಕು. ಲೆಕ್ಕಪತ್ರದ ಕಂಪ್ಯೂಟರುಗಳು, ಕಾಟಾದ ಕಂಪ್ಯೂಟರ್ ಮತ್ತು ಪ್ರಿಂಟರ್ ಒಂದು ಕಡೆ ಇರಲಿ, ಏಕೆಂದರೆ ಅವು ದಿನವಿಡೀ ಒಂದಕ್ಕೊಂದು ಮಾತಾಡಲೇಬೇಕು. ಡಿವಿಆರ್ ಒಂದು ಕಡೆ, ಸಾರ್ಟೆಕ್ಸ್ ಯಂತ್ರ ಇನ್ನೊಂದು ಕಡೆ, ಬಂದುಹೋಗುವವರ ಮೊಬೈಲುಗಳ ವೈ-ಫೈ ಮತ್ತೊಂದು ಕಡೆ. ಒಂದೇ ಫೈರ್‌ವಾಲ್, ಅದರಲ್ಲಿ ಮೊದಲು ಎಲ್ಲವೂ ಬಂದ್. ಆಮೇಲೆ ಬೇಕಾದಷ್ಟನ್ನೇ ತೆರೆಯಬೇಕು: ಲೆಕ್ಕಪತ್ರದವರು ಇಂಟರ್ನೆಟ್ಟಿಗೆ ಹೋಗಬಹುದು, ವೈ-ಫೈಯವರು ಇಂಟರ್ನೆಟ್ಟಿಗೆ ಮಾತ್ರ ಹೋಗಬಹುದು, ಕಚೇರಿಯ ಒಂದು ಕಂಪ್ಯೂಟರ್ ಡಿವಿಆರ್ ಅನ್ನು ನೋಡಬಹುದು, ಡಿವಿಆರ್ ತಾನಾಗಿ ಎಲ್ಲಿಗೂ ಹೋಗುವಂತಿಲ್ಲ. ಹೀಗೆ ಬರೆಯುತ್ತ ಹೋದರೆ ಐದಾರು ನಿಯಮಗಳಲ್ಲಿ ಕೆಲಸ ಮುಗಿಯುತ್ತದೆ. ಅವನ್ನು ಕನ್ನಡದಲ್ಲಿಯೇ ಒಂದು ಹಾಳೆಯ ಮೇಲೆ ಬರೆಸಿ, ಪಕ್ಕದಲ್ಲಿ ಒಂದು ನಕ್ಷೆ ಹಾಕಿಸಿ, ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿಡಿ. ಯಾವ ಗುತ್ತಿಗೆದಾರರಾದರೂ ಸರಿ, ಆ ಒಂದು ಹಾಳೆಯಲ್ಲಿ ಹಿಡಿಸದ ವ್ಯವಸ್ಥೆಯನ್ನು ನಿಮ್ಮ ಮಿಲ್ಲಿಗೆ ತಂದರೆ ಅದಕ್ಕೆ ಕಾರಣ ಕೇಳಿ.

ಮಗ ಕ್ಯಾಮೆರಾ ನೋಡುವ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಸಾಮಾನ್ಯವಾಗಿ ಕ್ಯಾಮೆರಾ ಹಾಕುವವರು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಡಿವಿಆರ್ ಅನ್ನು ನೇರವಾಗಿ ಇಂಟರ್ನೆಟ್ಟಿಗೆ ಒಡ್ಡಿ ಹೋಗಿರುತ್ತಾರೆ. ಪಾಸ್‌ವರ್ಡ್ ಕಂಪನಿಯಿಂದ ಬಂದಿದ್ದೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ವಶಪಡಿಸಿಕೊಂಡದ್ದು ಯಾವ ಮಹಾವಿದ್ಯೆಯಿಂದಲೂ ಅಲ್ಲ. ಕಾರ್ಖಾನೆಯಲ್ಲೇ ಇಟ್ಟ ಅರವತ್ತಕ್ಕೂ ಸ್ವಲ್ಪ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಚ್ಚಿ ನೋಡುವುದಷ್ಟೇ ಅದರ ಕೆಲಸವಾಗಿತ್ತು. ಆ ಸಾಧನಗಳ ಸೈನ್ಯವೇ ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ತಾಣಗಳು ತೆರೆಯದಂತೆ ಮಾಡಿತು. ಹಾಗಾಗಿ ಫಾರ್ವರ್ಡಿಂಗ್ ತೆಗೆಸಿ, ಡಿವಿಆರ್ ಪಾಸ್‌ವರ್ಡ್ ಬದಲಿಸಿ, ಮಗನ ಮೊಬೈಲಿಗೆ ಒಂದು ವಿಪಿಎನ್, ಅಂದರೆ ಇಂಟರ್ನೆಟ್ಟಿನ ಮೂಲಕವೇ ಮಿಲ್ಲಿನ ನೆಟ್‌ವರ್ಕಿಗೆ ಬರುವ ಬೀಗವಿರುವ ಖಾಸಗಿ ದಾರಿ, ಕೊಡಿ, ಎರಡು ಬೇಡ. ನನ್ನ ಆಯ್ಕೆ ವೈರ್‌ಗಾರ್ಡ್. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯೊಳಗಿನ ಅದರ ತಿರುಳು ಸುಮಾರು ನಾಲ್ಕು ಸಾವಿರ ಸಾಲುಗಳ ತಂತ್ರಾಂಶವಷ್ಟೇ. 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರ ಜೊತೆಗೇ ಸೇರಿಕೊಂಡಿತು. ಹಳೆಯ ವಿಪಿಎನ್‌ಗಳು, ಅವು ನೆಚ್ಚಿಕೊಂಡಿರುವ ಗೂಢಲಿಪಿಯ ತಂತ್ರಾಂಶವನ್ನೂ ಸೇರಿಸಿದರೆ, ಲಕ್ಷಗಟ್ಟಲೆ ಸಾಲುಗಳಿಗೆ ಹೋಗುತ್ತವೆ. ವೈರ್‌ಗಾರ್ಡ್‌ನಲ್ಲಿ ಯಾವ ಗೂಢಲಿಪಿ ಬಳಸಬೇಕೆಂಬ ಆಯ್ಕೆಯೂ ಇಲ್ಲ, ಆದ್ದರಿಂದ ತಪ್ಪು ಆಯ್ಕೆ ಮಾಡುವ ಅವಕಾಶವೂ ಇಲ್ಲ. ಕೀಲಿಯಿಲ್ಲದೆ ಬಾಗಿಲು ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ.

ಸಾರ್ಟೆಕ್ಸ್ ಯಂತ್ರದ ತಂತ್ರಜ್ಞರಿಗೆ ವರ್ಷವಿಡೀ ತೆರೆದ ದಾರಿ ಬೇಕಿಲ್ಲ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳ ಸರಣಿಯಿಂದ ಸುಮಾರು ನಾಲ್ಕು ಕೋಟಿ ಗಿರಾಕಿಗಳ ಕಾರ್ಡ್ ವಿವರ ಕಳುವಾದಾಗ ಕಳ್ಳರು ಒಳಬಂದದ್ದು ಶೀತಲೀಕರಣದ ಕೆಲಸ ಮಾಡುವ ಹೊರಗಿನ ಗುತ್ತಿಗೆದಾರರಿಗೆ ಕೊಟ್ಟಿದ್ದ ಪ್ರವೇಶದ ಮೂಲಕ. ಫ್ರಿಜ್‌ನವರ ದಾರಿಯಿಂದ ಗಲ್ಲಾಪೆಟ್ಟಿಗೆಯವರೆಗೆ ಹೋಗಲು ಸಾಧ್ಯವಾಗಿತ್ತೆಂಬುದೇ ಅಲ್ಲಿನ ದೋಷ. ನಿಮ್ಮಲ್ಲಿ ಇದಕ್ಕೆ ಪರಿಹಾರ ಬಹಳ ಅಗ್ಗದ್ದು: ಆ ಯಂತ್ರದ ನೆಟ್‌ವರ್ಕ್ ತಂತಿಯನ್ನು ಬಿಚ್ಚಿಡಿ, ತಂತ್ರಜ್ಞರು ಫೋನ್ ಮಾಡಿದಾಗ ಹಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ಬಿಚ್ಚಿ. ಇದನ್ನು ಹೇಳಿದಾಗ ಕೆಲವರು ನಗುತ್ತಾರೆ. ಬಿಚ್ಚಿದ ತಂತಿಯ ಮೂಲಕ ಒಳಬಂದ ಕಳ್ಳನನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಎರಡು ಕಂಪನಿಗಳ ಎರಡು ಫೈರ್‌ವಾಲ್ ಇಟ್ಟರೆ ಒಂದು ಸೋತರೂ ಇನ್ನೊಂದು ಕಾಯುತ್ತದೆ ಎಂಬ ವಾದದಲ್ಲಿ ಹುರುಳಿದೆ, ದೊಡ್ಡ ಬ್ಯಾಂಕುಗಳು ಹಾಗೆ ಮಾಡುತ್ತವೆ ಕೂಡ. ಆದರೆ ಅವುಗಳ ಬಳಿ ಎರಡನ್ನೂ ಬಲ್ಲ ಜನರಿರುತ್ತಾರೆ. ಸಣ್ಣ ಜಾಗದಲ್ಲಿ ಒಬ್ಬರೇ ಎರಡೂ ಪೆಟ್ಟಿಗೆಗಳಲ್ಲಿ ಒಂದೇ ನಿಯಮವನ್ನು ಎರಡು ಭಾಷೆಯಲ್ಲಿ ಬರೆಯಬೇಕಾಗುತ್ತದೆ, ತಪ್ಪಿದರೆ ಎರಡರಲ್ಲೂ ತಪ್ಪುತ್ತಾರೆ. ಎರಡನೆಯ ಕಾವಲು ಮೊದಲನೆಯದು ಸೋಲುವ ಕಾರಣಕ್ಕೇ ಸೋಲುವಂತಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಆ ಹಣದಲ್ಲಿ ಎರಡು ಹಾರ್ಡ್ ಡಿಸ್ಕ್ ಕೊಂಡು, ಟ್ಯಾಲಿಯ ಬ್ಯಾಕಪ್ಪನ್ನು ದಿನ ಬಿಟ್ಟು ದಿನ ತೆಗೆದು, ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಿಂದ ಕಳಚಿ, ಒಂದನ್ನು ಗಂಜ್‌ನ ಅಂಗಡಿಯ ತಿಜೋರಿಯಲ್ಲಿಡಿ. ಲೆಕ್ಕಕ್ಕೆ ಬೀಗ ಹಾಕುವ ವೈರಸ್ ಫೈರ್‌ವಾಲ್ ದಾಟಿ ಬಂದರೂ ತಿಜೋರಿಯವರೆಗೆ ಬರಲಾರದು. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಒಂದು ಖಾತೆಯನ್ನು ತೆರೆದು ನೋಡುವುದನ್ನು ಮಾತ್ರ ಮರೆಯಬೇಡಿ.

ನಾನೇ ಮಾಡಿದ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಗೋದಾಮಿನ ನೆಟ್‌ವರ್ಕನ್ನು ಬಹಳ ಉತ್ಸಾಹದಿಂದ ಒಂಬತ್ತು ಭಾಗ ಮಾಡಿ ಎಪ್ಪತ್ತಕ್ಕೂ ಹೆಚ್ಚು ನಿಯಮ ಬರೆದಿದ್ದೆ. ಒಂದು ಶನಿವಾರ ಸಂಜೆ, ಲಾರಿಗಳು ಸಾಲುಗಟ್ಟಿ ನಿಂತಿರುವಾಗ, ಕಾಟಾದ ಚೀಟಿ ಮುದ್ರಣವಾಗುವುದು ನಿಂತಿತು. ಯಾವ ನಿಯಮ ಅಡ್ಡಬಂದಿದೆ ಎಂಬುದು ಹುಡುಕಿದರೂ ಸಿಗದೆ, ತಾತ್ಕಾಲಿಕವಾಗಿ ಎಂದುಕೊಂಡು, ಎಲ್ಲರೂ ಎಲ್ಲಿಗೂ ಹೋಗಬಹುದೆಂಬ ಒಂದು ನಿಯಮವನ್ನು ಎಲ್ಲದರ ಮೇಲೆ ಬರೆದೆ. ಚೀಟಿ ಬಂತು, ಲಾರಿಗಳು ಹೋದವು, ನಾನೂ ಮನೆಗೆ ಹೋದೆ. ಆ ತಾತ್ಕಾಲಿಕ ನಿಯಮ ಮೂರು ವರ್ಷ ಅಲ್ಲಿಯೇ ಇತ್ತು. ಹತ್ತು ನಿಯಮಗಳಿದ್ದಿದ್ದರೆ ಅಂದು ಸಂಜೆಯೇ ತಪ್ಪು ಸಿಗುತ್ತಿತ್ತು.

ಪ್ರಶ್ನೆ: ಸರ್, ನಾನು ಯಾದಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರಯೋಗಾಲಯದ ಸಹಾಯಕ. ನೆಟ್‌ವರ್ಕ್ ಸರಳವಾಗಿರಬೇಕೆಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ನಮ್ಮಲ್ಲಿ ಕಚೇರಿ, ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿಗಳ ವೈ-ಫೈ ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿವೆ, ಯಾವ ವಿಭಾಗವೂ ಇಲ್ಲ. ಒಟ್ಟು ಅರವತ್ತು ಕಂಪ್ಯೂಟರ್. ಇದಕ್ಕಿಂತ ಸರಳ ಇನ್ನೇನಿದೆ? ಆದರೂ ಕಳೆದ ತಿಂಗಳು ಯಾರೋ ಒಂದು ಸಣ್ಣ ರೂಟರ್ ತಂದು ಹಚ್ಚಿದ್ದರಿಂದ ಅರ್ಧ ಕಾಲೇಜಿಗೆ ಇಂಟರ್ನೆಟ್ ನಿಂತು, ಕಾರಣ ಹುಡುಕಲು ಎರಡು ದಿನ ಹಿಡಿಯಿತು.
— ಓದುಗರು, ಯಾದಗಿರಿ

ಉತ್ತರ: ನಿಮ್ಮ ಪ್ರಶ್ನೆ ನನ್ನ ಮಾತಿನಲ್ಲಿದ್ದ ಕೊರತೆಯನ್ನು ತೋರಿಸಿಕೊಟ್ಟಿದೆ. ಸುಲಭವಾಗಿ ಕಟ್ಟಿದ್ದೆಲ್ಲ ಸರಳವಲ್ಲ. ಮೇಲಿನ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ: ಅರವತ್ತು ಕಂಪ್ಯೂಟರುಗಳು ಯಾವ ಗೋಡೆಯೂ ಇಲ್ಲದೆ ಒಂದೇ ಬಯಲಿನಲ್ಲಿದ್ದರೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗಳು 3,540, ಅಷ್ಟೂ ತೆರೆದಿವೆ. ನಕ್ಷೆಯಲ್ಲಿ ಒಂದು ಗೆರೆ ಎಳೆದರೆ ಮುಗಿಯುತ್ತದೆ, ಆದರೆ ಏನು ನಡೆಯಬಹುದು ಎಂಬುದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಹಬ್ಬಿದ್ದು ಇಂತಹ ಬಯಲುಗಳಲ್ಲಿಯೇ. ವಿಂಡೋಸ್‌ನಲ್ಲಿ ಕಡತ ಹಂಚಿಕೊಳ್ಳುವ ಹಳೆಯ ಏರ್ಪಾಡಿನ ದೋಷವೊಂದಕ್ಕೆ ಮಾರ್ಚ್ ತಿಂಗಳಲ್ಲಿಯೇ ಅಪ್‌ಡೇಟ್ ಬಂದಿದ್ದರೂ ಅದನ್ನು ಹಾಕಿಕೊಳ್ಳದ ಒಂದು ಕಂಪ್ಯೂಟರ್ ಸಿಕ್ಕರೆ ಸಾಕಿತ್ತು, ಅದರಿಂದ ಕೈಗೆಟುಕುವ ಅಂತಹ ಇತರ ಕಂಪ್ಯೂಟರುಗಳಿಗೆಲ್ಲ ಅದು ತಾನೇ ಹರಿದುಹೋಗುತ್ತಿತ್ತು. ಪ್ರಯೋಗಾಲಯದ ಕಂಪ್ಯೂಟರುಗಳು ಒಂದರ ಕಡತವನ್ನೊಂದು ತೆರೆಯುವ ಅಗತ್ಯವೇ ಇಲ್ಲದಿರುವಾಗ ಆ ದಾರಿಗಳು ತೆರೆದಿರುವುದು ಯಾರ ಉಪಯೋಗಕ್ಕೆ?

ರೂಟರಿನ ಪ್ರಕರಣವೂ ಇದರದೇ ಮುಂದುವರಿಕೆ. ಪ್ರತಿ ಕಂಪ್ಯೂಟರ್ ಚಾಲೂ ಆದಾಗ ತನಗೊಂದು ವಿಳಾಸ ಕೊಡಿರೆಂದು ಬಯಲಿನಲ್ಲಿ ನಿಂತು ಕೂಗುತ್ತದೆ, ಮೊದಲು ಉತ್ತರ ಕೊಟ್ಟವರನ್ನು ಸಾಮಾನ್ಯವಾಗಿ ನಂಬುತ್ತದೆ. ಹೊಸದಾಗಿ ಬಂದ ರೂಟರ್ ಹತ್ತಿರದವರಿಗೆ ತಾನೇ ಮೊದಲು ಉತ್ತರ ಕೊಟ್ಟು, ಎಲ್ಲಿಗೂ ಹೋಗದ ದಾರಿಯೊಂದನ್ನು ತೋರಿಸಿತು. ನೆಟ್‌ವರ್ಕ್ ತಂತಿಗಳನ್ನು ಕೂಡಿಸುವ ಸ್ವಿಚ್ ಪೆಟ್ಟಿಗೆಯಲ್ಲಿ ವಿಳಾಸ ಹಂಚುವ ಅಧಿಕಾರವನ್ನು ಒಂದೇ ಪೋರ್ಟಿಗೆ ಸೀಮಿತಗೊಳಿಸುವ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿ. ಕಚೇರಿಯನ್ನು, ಅಂದರೆ ಅಂಕಪಟ್ಟಿ ಮತ್ತು ಶುಲ್ಕದ ಲೆಕ್ಕ ಇರುವ ಕಂಪ್ಯೂಟರುಗಳನ್ನು, ಬೇರೆ ಮಾಡಿ. ಪ್ರಯೋಗಾಲಯ ಮತ್ತು ಗ್ರಂಥಾಲಯ ಒಂದು ಭಾಗ, ವೈ-ಫೈ ಇನ್ನೊಂದು ಭಾಗ. ಒಟ್ಟು ಮೂರು, ಅಷ್ಟೇ. ಹಾಗೆಯೇ ವೈ-ಫೈ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವಿದ್ದರೆ ಆರಿಸಿಬಿಡಿ. ಎಂಟು ಅಂಕೆಗಳ ಆ ಪಿನ್ನನ್ನು ರೂಟರ್ ಎರಡು ತುಂಡು ಮಾಡಿ ಬೇರೆ ಬೇರೆಯಾಗಿ ಸರಿ-ತಪ್ಪು ಹೇಳುವುದರಿಂದಲೂ ಕೊನೆಯ ಅಂಕೆ ಉಳಿದವುಗಳಿಂದಲೇ ಲೆಕ್ಕಕ್ಕೆ ಸಿಗುವುದರಿಂದಲೂ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಅದನ್ನು ಕಂಡುಹಿಡಿಯಬಹುದೆಂಬುದು 2011ರ ಡಿಸೆಂಬರ್‌ನಲ್ಲಿಯೇ ಬಯಲಾಯಿತು. ಪಾಸ್‌ವರ್ಡ್ ಬರೆಯುವ ಶ್ರಮ ತಪ್ಪಿಸಲು ಸೇರಿಸಿದ ಅನುಕೂಲ ಗಟ್ಟಿ ಪಾಸ್‌ವರ್ಡನ್ನೂ ನಿರರ್ಥಕ ಮಾಡಿತು.

ಪ್ರಶ್ನೆ: ಬೀದರಿನ ಸೌಹಾರ್ದ ಪತ್ತಿನ ಸಹಕಾರಿಯೊಂದರಲ್ಲಿ ನಾನು ಹೊಸದಾಗಿ ವ್ಯವಸ್ಥಾಪಕನಾಗಿ ಬಂದಿದ್ದೇನೆ. ನಮ್ಮ ಫೈರ್‌ವಾಲ್‌ನಲ್ಲಿ 140 ನಿಯಮಗಳಿವೆ. ಯಾವುದು ಏಕಿದೆ ಎಂಬುದು ಈಗಿರುವ ಯಾರಿಗೂ ಗೊತ್ತಿಲ್ಲ. ತೆಗೆದರೆ ಏನಾದರೂ ನಿಂತುಹೋದೀತೆಂಬ ಭಯ. ಇದನ್ನು ಸರಳಗೊಳಿಸುವುದು ಹೇಗೆ?
— ಓದುಗರು, ಬೀದರ್

ಉತ್ತರ: ನಿಮ್ಮ ಭಯ ಸಕಾರಣವಾದದ್ದು. ಹಾಗಿದ್ದರೂ ಕೈಹಚ್ಚಲೇಬೇಕು. ಅವಿಶೈ ವೂಲ್ ಎಂಬ ಸಂಶೋಧಕರು ವಿವಿಧ ಸಂಸ್ಥೆಗಳ ಫೈರ್‌ವಾಲ್ ನಿಯಮಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯಮಗಳ ಪಟ್ಟಿ ತೊಡಕಾದಷ್ಟೂ ತಪ್ಪುಗಳು ಹೆಚ್ಚಿರುವುದು ಕಂಡುಬಂದಿತ್ತು. ಸಾಮಾನ್ಯವಾಗಿ ಫೈರ್‌ವಾಲ್ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು ಮೊದಲು ಹೊಂದಿದ ನಿಯಮವನ್ನು ಪಾಲಿಸಿ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಮೇಲೆ ಅಗಲವಾದ ನಿಯಮವೊಂದಿದ್ದರೆ ಕೆಳಗಿನ ಎಷ್ಟೋ ನಿಯಮಗಳ ಸರದಿಯೇ ಬರುವುದಿಲ್ಲ. ಅವು ಕಾಯುತ್ತಿವೆ ಎಂದು ನಾವು ನಂಬಿಕೊಂಡಿರುತ್ತೇವೆ.

ಮೊದಲು ಇಡೀ ಪಟ್ಟಿಯ ಒಂದು ಪ್ರತಿಯನ್ನು ತೆಗೆದಿಡಿ. ಪ್ರತಿ ನಿಯಮ ಎಷ್ಟು ಸಲ ಬಳಕೆಯಾಗಿದೆ ಎಂಬ ಎಣಿಕೆಯನ್ನು ಫೈರ್‌ವಾಲ್ ತಾನೇ ತೋರಿಸುತ್ತದೆ. ಸೊನ್ನೆ ಇರುವವುಗಳಿಂದ ಆರಂಭಿಸಿ, ಆದರೆ ಅಳಿಸಬೇಡಿ, ನಿಷ್ಕ್ರಿಯಗೊಳಿಸಿ. ವಾರಕ್ಕೆ ಎರಡು ಮೂರಕ್ಕಿಂತ ಹೆಚ್ಚು ಮುಟ್ಟಬೇಡಿ. ಇಲ್ಲಿ ಆತುರಪಟ್ಟವರು ಕೆಡುವುದು ಒಂದೇ ಕಡೆ: ತಿಂಗಳ ಕೊನೆಯ ಬಡ್ಡಿ ಲೆಕ್ಕಕ್ಕೆ ಮಾತ್ರ ಬಳಕೆಯಾಗುವ ನಿಯಮವಿರುತ್ತದೆ, ಮಾರ್ಚ್ 31ರ ಆಚೀಚೆ ಲೆಕ್ಕಪರಿಶೋಧಕರು ಬಂದಾಗ ಮಾತ್ರ ಬೇಕಾಗುವುದಿರುತ್ತದೆ. ಆದ್ದರಿಂದ ಒಂದು ಹಣಕಾಸು ವರ್ಷದ ಕೊನೆಯನ್ನು ದಾಟಿದ ಮೇಲೆಯೇ ಅಳಿಸಬೇಕು. ಉಳಿದ ಪ್ರತಿ ನಿಯಮದ ಮುಂದೆ ಯಾರು ಕೇಳಿದರು, ಏಕೆ ಕೇಳಿದರು, ಎಲ್ಲಿಯವರೆಗೆ ಎಂಬ ಮೂರು ವಿಷಯ ಬರೆಯಿರಿ. ಕೇಳಿದವರು ಸಿಗದ ನಿಯಮವನ್ನು ಅನುಮಾನದಿಂದ ನೋಡಿ. ಎಲ್ಲರೂ ಎಲ್ಲಿಗೂ ಎಂಬ ನಿಯಮ ಸಿಕ್ಕರೆ, ನನ್ನ ಶನಿವಾರದ ಕಥೆ ಓದಿದ್ದೀರಲ್ಲ, ಅದರ ಬಳಕೆಯನ್ನು ಕೆಲವು ವಾರ ದಾಖಲಿಸಿ ನಿಜವಾಗಿ ಬೇಕಾದ ಎರಡು ಮೂರು ದಾರಿಗಳನ್ನು ಬೇರೆ ಬರೆದು, ಆಮೇಲೆ ಅದನ್ನು ಮುಚ್ಚಿ.

ನಿಮ್ಮ ಊರಿನ ನೌಬಾದ್‌ನಲ್ಲಿ ಬಹಮನಿ ಅರಸರ ಕಾಲದ ಕರೇಜ್ ಇದೆ. ನೆಲದಡಿಯ ಕಲ್ಲಿನಲ್ಲಿ ಕೊರೆದ ಆ ನೀರಿನ ಸುರಂಗಕ್ಕೆ ಅಲ್ಲಲ್ಲಿ ಮೇಲಿನಿಂದ ಬಾವಿಯಂತಹ ಇಳಿದಾರಿಗಳನ್ನು ಬಿಟ್ಟಿದ್ದಾರೆ. ಕಣ್ಣಿಗೆ ಕಾಣದ ಕಾಲುವೆಯಲ್ಲಿ ಹೂಳು ಎಲ್ಲಿ ತುಂಬಿದೆ ಎಂದು ಇಳಿದು ನೋಡಲು ಅದರಿಂದ ಸಾಧ್ಯವಾಗುತ್ತದೆ. ನೆಟ್‌ವರ್ಕಿನಲ್ಲಿ ಆ ಕೆಲಸ ಲಾಗ್‌ಗಳದ್ದು, ಅಂದರೆ ಯಾವಾಗ ಏನು ನಡೆಯಿತೆಂದು ಸಾಧನಗಳು ತಾವೇ ಬರೆದಿಡುವ ದಾಖಲೆಗಳದ್ದು. ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು, ನಿಗದಿಪಡಿಸಿದ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಎಲ್ಲ ಸಾಧನಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. 140 ನಿಯಮಗಳ ಲಾಗ್ ಓದಿ 6 ಗಂಟೆಗಳಲ್ಲಿ ಏನಾಯಿತೆಂದು ಹೇಳಲು ನಿಮ್ಮಿಂದಾದೀತೇ ಎಂದು ಆಡಳಿತ ಮಂಡಳಿಯ ಮುಂದೆ ಕೇಳಿ. ಈ ಕೆಲಸಕ್ಕೆ ಅನುಮತಿ ಬೇಗ ಸಿಗುತ್ತದೆ. ಸದಸ್ಯರ ಹಣವೇನಾದರೂ ಹೊರಗೆ ಹೋಗಿದ್ದು ಕಂಡರೆ ಮಾತ್ರ ಲಾಗ್ ಓದುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ವ್ಯವಸ್ಥೆ ಸರಳವಾಗಿದ್ದರೆ ಅದು ಕಳ್ಳನಿಗೂ ಬೇಗ ಅರ್ಥವಾಗುವುದಿಲ್ಲವೇ? ಗೋಜಲಾಗಿದ್ದರೆ ಅವನೇ ದಾರಿ ತಪ್ಪಬಹುದಲ್ಲ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕಳ್ಳನು ನಿಮ್ಮ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಕುಳಿತಿರುವುದಿಲ್ಲ. ಅವನ ತಂತ್ರಾಂಶ ಹಗಲಿರುಳು ಒಂದೊಂದೇ ಬಾಗಿಲನ್ನು ತಳ್ಳಿ ನೋಡುತ್ತಿರುತ್ತದೆ; ಅವನಿಗೆ ಒಂದು ಸಿಕ್ಕರೆ ಸಾಕು, ಕಾಯುವವರಿಗೆ ಎಲ್ಲವೂ ಗೊತ್ತಿರಬೇಕು. ಗೋಜಲಿನಲ್ಲಿ ದಾರಿ ತಪ್ಪುವವರು ಆದ್ದರಿಂದ ಕಾಯುವವರೇ. 1883ರಲ್ಲಿ ಒಗುಸ್ತ್ ಕೆರ್ಕ್‌ಹಾಫ್ಸ್ ಎಂಬ ಭಾಷಾತಜ್ಞರು ಸೈನ್ಯದ ಗೂಢಲಿಪಿಯ ಬಗ್ಗೆ ಬರೆಯುತ್ತ, ವಿಧಾನವು ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗದಂತಿರಬೇಕು ಎಂದಿದ್ದರು; ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ದೂರದಿಂದ ಕಂಪ್ಯೂಟರ್ ನಡೆಸುವ 3389ನೇ ಪೋರ್ಟನ್ನು, ಅಂದರೆ ಆ ಸಂಖ್ಯೆಯ ಬಾಗಿಲನ್ನು, ಬೇರೆ ಸಂಖ್ಯೆಗೆ ಬದಲಿಸಿ ಭದ್ರವಾಯಿತೆಂದು ನಂಬುವವರಿದ್ದಾರೆ. ಅದರಿಂದ ಬಾಗಿಲು ತಟ್ಟುವವರ ಸದ್ದು ಕಡಿಮೆಯಾಗುತ್ತದೆ, ಬೀಗವೇನೂ ಬೀಳುವುದಿಲ್ಲ.

ಪ್ರಾಜೆಕ್ಟಿಗೆ ವಿಷಯ ಬೇಕಾದರೆ ಇದನ್ನೇ ತೆಗೆದುಕೊಳ್ಳಿ. ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಎಲ್ಲವನ್ನೂ ಮುಚ್ಚಿ ಆರೇ ನಿಯಮಗಳ ಒಂದು ಫೈರ್‌ವಾಲ್ ಬರೆಯಿರಿ. ಅದೇ ಕೆಲಸ ಮಾಡುವ ಅರವತ್ತು ನಿಯಮಗಳ ಇನ್ನೊಂದನ್ನೂ ಬರೆಯಿರಿ. ಎರಡರಲ್ಲೂ ಬೇಕೆಂತಲೇ ಒಂದೊಂದು ತಪ್ಪನ್ನು ಸೇರಿಸಿ, ಗೆಳತಿಯರ ಕೈಗೆ ಕೊಟ್ಟು, ಹುಡುಕಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. ಆ ಅಂಕಿಗಳನ್ನು ನಮಗೂ ಕಳಿಸಿ.